ಬೇವಿನ ಕುರ್ಚಿಗೆ ಬರೆದ ಆರು ಸಾಲು

ಕೊರಟಗೆರೆಯ ಸಾಮಿಲ್ಲು

ಜರ್ಮನಿಯಲ್ಲಿ ಏನೇನು ನೋಡಿದಿರಿ ಎಂದು ಮಧುಗಿರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಫೈರ್ ಸ್ಟೇಷನ್ನಿನ ಶೆಡ್ಡು ನೋಡಿದೆ ಎನ್ನುತ್ತೇನೆ. ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ತಮಾಷೆ ಮಾಡುವಷ್ಟು ತ್ರಾಣ ಹೋಗುವಾಗಲೇ ಇರಲಿಲ್ಲ, ಬಂದ ಮೇಲಂತೂ ಇಲ್ಲವೇ ಇಲ್ಲ. ಒಂದು ವಾರದ ಪ್ರವಾಸದಲ್ಲಿ ಎರಡು ಪೂರ್ತಿ ದಿನ ಆ ಶೆಡ್ಡಿನೊಳಗೆ ಗೆಳೆಯ ಅಂಜಿನಪ್ಪನ ಪಕ್ಕದಲ್ಲಿ ಕೂತು ಒಂದು ಬೇವಿನ ಕುರ್ಚಿಯನ್ನು ಕಾದೆ. ಮಿಕ್ಕ ದಿನಗಳೆಲ್ಲ ಮಂಡಿಗೆ ಮುಲಾಮು ತಿಕ್ಕುವುದರಲ್ಲಿ ಕಳೆದವು.

ನಾನು ದೊಡ್ಡೇರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಮರಗೆಲಸ ನನಗೊಂದು ಚಟ. ಪುಸ್ತಕವಿಟ್ಟು ಓದುವ ಪೀಠ, ಕಾಫಿ ಟ್ರೇ, ಅಷ್ಟೇ ನನ್ನ ಮಟ್ಟ. "ಇನ್ನೊಂದು ಟ್ರೇ ಒಳಗೆ ಬಂದರೆ ನಾನು ಆಚೆ ಹೋಗ್ತೀನಿ" ಎಂದು ನನ್ನ ಹೆಂಡತಿ ಗಿರಿಜ ಹೇಳಿಬಿಟ್ಟಿದ್ದಾಳೆ. ಕೊರಟಗೆರೆಯ ಒಂದು ಸಾಮಿಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಕೊಯ್ದು ಮಿಕ್ಕ ಮರದ ತುಂಡುಗಳನ್ನು ಗುಡ್ಡೆ ಹಾಕುತ್ತಾರೆ. ನಮ್ಮಂಥ ಚಟದವರು ಹೋಗಿ ಕೋಳಿ ಕೆದಕಿದ ಹಾಗೆ ಅದನ್ನು ಕೆದಕುತ್ತೇವೆ. ಪಾವಗಡದ ಕಡೆ ರಾಯಚರ್ಲಿನ ಅಂಜಿನಪ್ಪ ನನಗೆ ಗಂಟು ಬಿದ್ದದ್ದು ಅಲ್ಲೇ, ಒಂದೇ ಹಲಸಿನ ತುಂಡಿಗೆ ಇಬ್ಬರೂ ಕೈ ಹಾಕಿದಾಗ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ತುಂಡು ಅವನ ಪಾಲಾಯಿತು.

ಅಂಜಿನಪ್ಪ ಆಚಾರಿಯಲ್ಲ, ಒಕ್ಕಲು ಮಗ. ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಕೈ ಸುಮ್ಮನಿರಲಾರದೆ ಉಳಿ ಹಿಡಿದವನು. ಒಂದು ಮೊಳೆಯೂ ಇಲ್ಲದೆ ಬರೀ ಮರದ ಗೂಟ ಬಡಿದು ಕುರ್ಚಿ ನಿಲ್ಲಿಸುತ್ತಾನೆ. ನನ್ನ ಹೊಟ್ಟೆಯಲ್ಲಿ ಸಣ್ಣ ಉರಿ ಹತ್ತುವಷ್ಟು ಚೆನ್ನಾಗಿ ಮಾಡುತ್ತಾನೆ. ಆದರೆ ಉಳಿ ಹಿಡಿದಾಗಿನಿಂದ ಒಂದನ್ನೂ ಮಾರಿರಲಿಲ್ಲ. ನೆಂಟರು ಬರುತ್ತಾರೆ, ಚೆನ್ನಾಗೈತೆ ಕಣಪ್ಪ ಅನ್ನುತ್ತಾರೆ, ಎತ್ತಿಕೊಂಡು ಹೋಗುತ್ತಾರೆ. ದುಡ್ಡಿನ ಮಾತೆತ್ತಿದರೆ "ನೀನೇನ್ ಆಚಾರಿನೇನ್ಲಾ?" ಎಂದು ಬಾಯಿ ಮುಚ್ಚಿಸುತ್ತಾರೆ. ಅವನ ಹೆಂಡತಿ ಲಕ್ಷ್ಮಕ್ಕ ಇದನ್ನೆಲ್ಲ ಹುಚ್ಚಿನ ಲೆಕ್ಕಕ್ಕೆ ಸೇರಿಸಿದ್ದಳು.

"ಗುರ್ತಿಲ್ದೋರ್ ಒಬ್ರು ತಗಾಬೇಕು ಮೇಷ್ಟ್ರೇ," ಎನ್ನುತ್ತಿದ್ದ. "ಮುಲಾಜಿಗಲ್ಲ, ಅಯ್ಯೋ ಪಾಪ ಅಂತಲ್ಲ. ಕುರಿ ಸಂತೇಲಿ ಹಲ್ಲು ಬುಡ್ಸಿ ನೋಡ್ತಾರಲ್ಲ, ಅಂಗೆ ತಲೆಕೆಳಗ್ ಮಾಡಿ ನೋಡ್ಬೇಕು. ತಪ್ಪು ತೆಗೀಬೇಕು. ಆಮ್ಯಾಕೂ ಬೇಕು ಅಂತ ತಗಾಬೇಕು. ಒಂದ್ ಸತಿ ಆದ್ರೆ ಸಾಕು. ಆಮ್ಯಾಕೆ ನಮ್ಮೋಳು ಏನ್ ಅಂದ್ರೂ ಅನ್ಲಿ ಬುಡಿ."

ಅವನ ಕೈಯಲ್ಲಿ ಬಂದ ಕುರ್ಚಿಗಳಲ್ಲಿ ಒಂದು ಬೇವಿನದು. ಹೊಲದ ಬದುವಿನ ಮೇಲೆ ಅವನ ಅಪ್ಪ ನೆಟ್ಟಿದ್ದ ಮರ. ನೆರಳು ಸೋಲಾರ್ ಪ್ಲೇಟಿನ ಮೇಲೆ ಬೀಳುತ್ತದೆಂದು ತೆಗೆಯಬೇಕಾದಾಗ ಬೇರೆಯವರನ್ನು ಮುಟ್ಟಗೊಡದೆ ತಾನೇ ಕಡಿದನಂತೆ. ಎರಡು ದಿನ ಊಟ ಸೇರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಒಂದೇ ಸಲ, ಅದೂ ಸಾಮಿಲ್ಲಿನ ಗದ್ದಲದಲ್ಲಿ ಮುಖ ಆ ಕಡೆ ಮಾಡಿಕೊಂಡು. "ಇದ್ನ ಯಾರ್ಗೂ ಹೇಳ್ಬ್ಯಾಡಿ. ಕತೆ ಹೇಳಿ ಮಾರುದ್ರೆ ಅದು ಕುರ್ಚಿ ಮಾರ್ದಂಗಲ್ಲ, ತಟ್ಟೆ ಹಿಡ್ದಂಗೆ" ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸೋಲಾರ್ ಪಾರ್ಕಿನ ಕೆಲಸಕ್ಕೆ ಬಂದು ಎರಡು ವರ್ಷ ಇದ್ದ ಜರ್ಮನಿಯ ಎಂಜಿನಿಯರು ಮಾರ್ಟಿನ್ ಆ ಕುರ್ಚಿಯಲ್ಲಿ ಒಂದು ದಿನ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಅವರೂ ನಮ್ಮ ಜಾತಿಯವರೇ, ಅಂದರೆ ಮರದ ಚಟದವರು. ತಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಇಂಥ ಚಟದವರೆಲ್ಲ ಸೇರಿ ಕೈಯಲ್ಲಿ ಮಾಡಿದ್ದನ್ನು ಮಾರುತ್ತಾರೆ, ಬನ್ನಿ ಎಂದರು. ಅಂಜಿನಪ್ಪ ಬೇವಿನ ಕುರ್ಚಿಯನ್ನೇ ಆರಿಸಿದ. ಮನೆಯಲ್ಲಿಟ್ಟುಕೊಂಡರೆ ತನಗೆ ಅದರ ಮೇಲೆ ಕೂರಲು ಆಗುತ್ತಿಲ್ಲ ಎಂದ. ಅವನಿಗೆ ಇಂಗ್ಲಿಷ್ ಬಾರದು. ಅವನ ಬಾಯಾಗಿ ನಾನು ಹೊರಟೆ.

ಸಿರಾದಲ್ಲಿ ಕಟ್ಟಿಸಿದ್ದು

ಗೂಟಗಳನ್ನು ಬಿಚ್ಚಿದರೆ ಕುರ್ಚಿ ಒಂದು ಹೊರೆಯಾಗುತ್ತದೆ. ಅದನ್ನು ಕಟ್ಟಿಸಲು ಸಿರಾದ ಹಾಸಿಗೆ ಅಂಗಡಿಯ ರಹಮತ್ ಸಾಹೇಬರ ಹತ್ತಿರ ಒಯ್ದೆವು. ಅವರು ಹಳೇ ಹತ್ತಿ ಹಾಸಿಗೆಯೊಂದನ್ನು ಹರಿದು, ಪ್ರತಿ ಕಾಲಿಗೂ ಕೂಸಿಗೆ ಬಟ್ಟೆ ಸುತ್ತಿದಂತೆ ಸುತ್ತಿ, ದಬ್ಬಣದಿಂದ ಹೊಲಿದರು. "ಫಿಕರ್ ಮಾಡ್ಬೇಡಿ ಮಾಸ್ಟರ್ ಸಾಬ್, ವಿಮಾನ ಬಿದ್ರೂ ಕುರ್ಚಿಗೆ ಏನೂ ಆಗಲ್ಲ" ಎಂದರು. ನನಗೆ ಏನಾಗುತ್ತದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಾಪಸು ಬರುವಾಗ ಅಂಜಿನಪ್ಪ ಕಳ್ಳಂಬೆಳ್ಳದ ಕೆರೆ ಏರಿಯ ಹತ್ತಿರ ಗಾಡಿ ನಿಲ್ಲಿಸಿ, ಬೇವಿನ ಸೊಪ್ಪು ಮುರಿದುಕೊಂಡು ಬಂದು ಹೊಲಿಗೆಯ ಸಂದಿನಲ್ಲಿ ತುರುಕಿದ. ಹುಳ ಹಿಡಿಯಬಾರದಂತೆ. ಬೇವಿನ ಮರಕ್ಕೇ ಬೇವಿನ ಸೊಪ್ಪೇಕೆ ಎಂದು ಕೇಳಿದೆ. ಅಭ್ಯಾಸ ಎಂದ.

ಇಳಿದ ಜಾಗ

ಆ ಸೊಪ್ಪೇ ನಮ್ಮನ್ನು ಜರ್ಮನಿಯ ಏರ್‌ಪೋರ್ಟಿನಲ್ಲಿ ಹಿಡಿಸಿತು. ಅಧಿಕಾರಿ ಹೆಂಗಸೊಬ್ಬಳು ಕೈಗವಸು ಹಾಕಿಕೊಂಡು ಒಂದೊಂದೇ ಎಲೆಯನ್ನು ಚಿಮಟದಿಂದ ಎತ್ತಿ ಚೀಲಕ್ಕೆ ಹಾಕಿದಳು. ಇದೇನು ಎಂದು ಕೇಳಿದಳು. ಹುಳಕ್ಕೆ ಔಷಧಿ ಎಂದೆ. ಹಾಗಾದರೆ ಒಳಗೆ ಹುಳ ಇದೆಯೇ ಎಂದಳು. ನಲವತ್ತು ಮಕ್ಕಳಿಗೆ ಒಟ್ಟಿಗೆ ಪಾಠ ಮಾಡಿದ ನಾನು ಆ ಒಬ್ಬಳ ಮುಂದೆ ಇಲ್ಲ, ಹೌದು, ಇಲ್ಲ ಎಂದು ತೊದಲಿದೆ. ರಹಮತ್ ಸಾಹೇಬರ ಹೊಲಿಗೆಯೆಲ್ಲ ಬಿಚ್ಚಿಸಿ, ಸೊಪ್ಪು ಇಟ್ಟುಕೊಂಡು ಮರ ಕೊಟ್ಟಳು.

"ಇಂಗ್ ನೋಡುದ್ರೆ ಕೊಂಡ್ಕಳೋ ಜನಾನೂ ಚೆನ್ನಾಗೇ ನೋಡ್ತಾರೆ ಬುಡಿ ಮೇಷ್ಟ್ರೇ," ಎಂದ ಅಂಜಿನಪ್ಪ ಹುರುಪಿನಿಂದ. ನಾನು ಹತ್ತಿಯನ್ನು ಮತ್ತೆ ತುಂಬುತ್ತಾ ನೆಲದ ಮೇಲೆ ಕೂತಿದ್ದೆ. ಕಾಲು ಊದಿ ಶೂ ಒಳಗೆ ಸೇರುತ್ತಿರಲಿಲ್ಲ.

ಮಾರ್ಟಿನ್ ಅವರ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ಕೊರಟಗೆರೆಗಿಂತ ಚಿಕ್ಕದು. ಸಂಜೆ ಆರಕ್ಕೆಲ್ಲ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಏನಾದರೂ ಆಗಿದೆಯೇ, ಯಾರಾದರೂ ತೀರಿಕೊಂಡರೇ ಎಂದು ಅಂಜಿನಪ್ಪ ಪಿಸುಗುಟ್ಟಿದ. ರಾತ್ರಿಯೂಟಕ್ಕೆ ಅವರು ಒಲೆ ಹಚ್ಚುವುದಿಲ್ಲ. ತಣ್ಣನೆಯ ಬ್ರೆಡ್ಡು, ಚೀಸು, ಸೌತೆಕಾಯಿ. ಅಡಿಗೆ ಆಮೇಲೆ ಬರಬಹುದೆಂದು ನಾವಿಬ್ಬರೂ ಸ್ವಲ್ಪವೇ ತಿಂದು ಕಾದೆವು. ತಟ್ಟೆ ತೆಗೆದರು.

ಶನಿವಾರ

ಕೆಂಪು ವ್ಯಾನುಗಳನ್ನು ಆಚೆ ನಿಲ್ಲಿಸಿ ಫೈರ್ ಸ್ಟೇಷನ್ನಿನ ಶೆಡ್ಡನ್ನು ಮಾರಾಟಕ್ಕೆ ಬಿಟ್ಟಿದ್ದರು. ನಮ್ಮ ಎಡಕ್ಕೆ ಬೆಂಚು ಮಾಡುವ ಹಲ್ಲಿನ ಡಾಕ್ಟರು. ಬಲಕ್ಕೆ ಬಸ್ಸು ಓಡಿಸುವ ಹೆಂಗಸು, ಆಕೆಯದು ಪುಟ್ಟ ಕಪಾಟುಗಳು. ಎಂಥ ಕೈಗೆಲಸ ಅಂತೀರಿ! ಡ್ರಾಯರ್ ಒಂದನ್ನು ಮುಚ್ಚಿದರೆ ಗಾಳಿ ಒತ್ತಿ ಪಕ್ಕದ್ದು ತಾನಾಗಿ ಮುಂದೆ ಬರುತ್ತಿತ್ತು. ಕುರ್ಚಿಯ ಜೊತೆ ತಂದಿದ್ದ ನನ್ನ ಟ್ರೇಗಳನ್ನು ಮೇಜಿನ ಕೆಳಕ್ಕೆ ತಳ್ಳಿದೆ.

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನೂ ಕೂಗಿ ಕರೆಯುತ್ತಾನೆ. ಇಲ್ಲಿ ಪರೀಕ್ಷೆ ಕೊಠಡಿಯ ನಿಶ್ಶಬ್ದ. ಬಂದವರು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಿ, ಕೈ ಹಿಂದೆ ಕಟ್ಟಿಕೊಂಡು, ಸಾಮಾನಿನ ಮುಂದಿಟ್ಟ ಚೀಟಿ ಓದುತ್ತಾರೆ. ಎಲ್ಲ ಸಾಮಾನಿಗೂ ಒಂದು ಚೀಟಿ. ಅದರಲ್ಲಿ ಬೆಲೆಗಿಂತ ಮುಂಚೆ ಮರದ ಜಾತಕ ಇರುತ್ತದೆ: ಯಾವ ಮರ, ಯಾರ ಹಿತ್ತಲಿನದು, ಯಾಕೆ ಬಿತ್ತು. ಡಾಕ್ಟರ ಬೆಂಚು ಅವರ ಅಜ್ಜಿಯ ತೋಟದಲ್ಲಿ ಗಾಳಿಗೆ ಬಿದ್ದ ಪೇರ್ ಹಣ್ಣಿನ ಮರದ್ದು. ಅದನ್ನು ಓದಿ ತಲೆಯಾಡಿಸಿ, ಆಮೇಲೆ ಮರ ಮುಟ್ಟುತ್ತಾರೆ.

"ನಮ್ದುಕ್ಕೆ ಏನ್ ಬರೀಲಿ?" ಎಂದು ಕೇಳಿದೆ.

"ಬೇವು ಅಂತ ಬರೀರಿ. ಸಾಕು."

ಬೇವು ಎಂದು ಇಂಗ್ಲಿಷಿನಲ್ಲಿ ಬರೆದೆ. ಮಾರ್ಟಿನ್ ಕೆಳಗೆ ಜರ್ಮನಿನಲ್ಲಿ ಬರೆದರು.

ಮೊದಲು ಬಂದವರು ಒಬ್ಬ ಅಜ್ಜ. ಅಂಜಿನಪ್ಪನಿಗೆ ಬೋಣಿಯ ಚಿಂತೆ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು. ಅಜ್ಜ ಏನೋ ಕೇಳಿದರು. ಅಂಜಿನಪ್ಪ ಲಾಭದ ಆಸೆ ಬಿಟ್ಟು ನನ್ನ ಟ್ರೇ ಒಂದನ್ನೇ ತೆಗೆದು ಅವರ ಕೈಗಿಟ್ಟ. ಅವರು ಬೇಡವೆಂದರು. ಇವನು ಬೆಲೆ ಇಳಿಸಿ ಬೆರಳು ತೋರಿಸಿದ. ಅವರು ಸರಸರ ನಡೆದರು, ಇವನು ಟ್ರೇ ಹಿಡಿದು ಹಿಂದೆಯೇ ನಡೆದ. ಬಸ್ಸಿನ ಹೆಂಗಸು ನಗು ತಡೆಯಲಾರದೆ ನನಗೆ ಹೇಳಿದಳು, ಅವರು ಕೇಳಿದ್ದು ಟಾಯ್ಲೆಟ್ ಎಲ್ಲಿದೆ ಎಂದು. ಟ್ರೇ ಅಂತೂ ಹೋಯಿತು. ಅಜ್ಜ ಹೆದರಿ ತೆಗೆದುಕೊಂಡರೇ ಹೊರತು ಇಷ್ಟಪಟ್ಟಲ್ಲ.

ಕುರ್ಚಿಯ ಹತ್ತಿರ ಸಂಜೆಯವರೆಗೂ ಯಾರೂ ನಿಲ್ಲಲಿಲ್ಲ. ಚೀಟಿಯ ಒಂದೇ ಪದ ಓದಿ ಮುಂದೆ ಹೋಗುತ್ತಿದ್ದರು. ತಲೆಕೆಳಗು ಮಾಡುವುದಿರಲಿ, ಬೆರಳೂ ಸೋಕಿಸಲಿಲ್ಲ. ಮಂಕಿಟೋಪಿ ಹಾಕಿಕೊಂಡು, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಕೂತಿದ್ದ ಅಂಜಿನಪ್ಪನ ಮುಖ ನೋಡಲಾಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಅವನೇ ಎದ್ದು ಕುರ್ಚಿಯನ್ನು ಮಗುಚಿ, ಸೀಟಿನ ಅಡಿಯ ಕತ್ತಾಳೆ ಹಗ್ಗದ ಹೆಣಿಗೆ ಕಾಣುವಂತೆ ಇಟ್ಟ. ಯಾರೋ ಬಂದು, ಬಿದ್ದಿದೆಯೆಂದು ತಿಳಿದು, ಎತ್ತಿ ನೆಟ್ಟಗೆ ನಿಲ್ಲಿಸಿ ಹೋದರು.

ಭಾನುವಾರ

ರಾತ್ರಿ ಮನೆಗೆ ತಂದಿಟ್ಟುಕೊಂಡಿದ್ದರಿಂದ ಹೀಟರಿನ ಬಿಸಿಗೆ ಮರ ಒಣಗಿ ಕುರ್ಚಿಯ ಒಂದು ಗೂಟ ಸಡಿಲವಾಗಿತ್ತು. ಬೆಳಿಗ್ಗೆ ಏಳಕ್ಕೆ ಅಂಜಿನಪ್ಪ ಮಾರ್ಟಿನ್ ಅವರ ಅಂಗಳದಲ್ಲಿ ಕೂತು ಕೊಡತಿಯಿಂದ ನಾಲ್ಕೇಟು ಹಾಕಿದ. ಐದನೆಯದು ಬೀಳುವುದರೊಳಗೆ ಪಕ್ಕದ ಮನೆಯವರು ನಿಲುವಂಗಿಯಲ್ಲೇ ಬೇಲಿಯ ಹತ್ತಿರ ನಿಂತಿದ್ದರು. ಭಾನುವಾರ ಸದ್ದು ಮಾಡುವಂತಿಲ್ಲವಂತೆ. ಹುಲ್ಲು ಕತ್ತರಿಸುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ನಮ್ಮಲ್ಲಿ ಭಾನುವಾರ ಒಂದೇ ಬೀದಿಯಲ್ಲಿ ಮೂರು ಮೈಕು ಹಾಕುತ್ತಾರೆ. ಅಂಜಿನಪ್ಪ ಕೈಮುಗಿದು, ಗೂಟಕ್ಕೆ ಬಟ್ಟೆ ಸುತ್ತಿ ಹಲ್ಲು ಕಚ್ಚಿ ಒತ್ತಿದ. ಆ ಬೆಳಗಿನ ಅವಮಾನವೋ, ಎರಡು ರಾತ್ರಿ ನಿದ್ದೆಯಿಲ್ಲದ ನನ್ನ ತಲೆಯೋ ಕಾಣೆ. ಹೀಗೇ ಬರಿಗೈಯಲ್ಲಿ ಅವನನ್ನು ಲಕ್ಷ್ಮಕ್ಕನ ಮುಂದೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಶೆಡ್ಡಿನಲ್ಲಿ ಅವನು ಡಾಕ್ಟರ ಬೆಂಚಿನ ಜಾಯಿಂಟು ನೋಡಲು ಹೋದಾಗ ನಾನು ಹಳೇ ಚೀಟಿ ತೆಗೆದು ಹೊಸದು ಬರೆದೆ. ಅಪ್ಪ ನೆಟ್ಟ ಮರ, ಹೊಲದ ಬದು, ಪ್ಲೇಟಿನ ಮೇಲೆ ಬೀಳುತ್ತಿದ್ದ ನೆರಳು, ಮಗನೇ ಹಾಕಿದ ಕೊಡಲಿ, ಎರಡು ದಿನ ಸೇರದ ಊಟ. ಆರು ಸಾಲು. ಮೇಷ್ಟರಾಗಿದ್ದವನು, ವಾಕ್ಯ ಚೆನ್ನಾಗಿಯೇ ಬಂತು. ಬರೆಯುವಾಗ ಒಳಗೊಳಗೆ ಖುಷಿಯೂ ಆಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಜರ್ಮನ್ ಭಾಷೆಗೆ ಇಳಿಸಿಕೊಡಲು ಮಾರ್ಟಿನ್ ಕೈಗೆ ಕೊಟ್ಟೆ. ಓದಿ ಅವರ ಮುಖ ಕಿವಿಯವರೆಗೂ ಕೆಂಪಾಯಿತು. "ಇದು ನೆರಳಿಗೆಂದು ನಾವು ತೆಗೆಸಿದ ಆ ಮರವೇ?" ಎಂದರು. ಹೌದೆಂದೆ. "ನನಗೆ ಅವರು ಹೇಳಲೇ ಇಲ್ಲ" ಎಂದರು. ತುಂಬ ಹೊತ್ತು ಪೆನ್ನು ಹಿಡಿದು ನಿಂತಿದ್ದು, ಒಂದೊಂದೇ ಅಕ್ಷರವನ್ನು ಗುಂಡಗೆ ಬರೆದು ಕೆಳಗಿಟ್ಟು, ಆಚೆ ಹೋದರು.

ಒಂದು ಗಂಟೆಯೊಳಗೆ ಬೂದು ಕೋಟಿನ ವಯಸ್ಸಾದ ಹೆಂಗಸು ಬಂದು ಚೀಟಿ ಓದಿದರು. ಮತ್ತೆ ಮೊದಲಿಂದ ಓದಿದರು. ಕುರ್ಚಿಯ ಕೈ ಮೇಲೆ ಅಂಗೈ ಇಟ್ಟು ಕಣ್ಣು ಒರೆಸಿಕೊಂಡರು. ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟು, ಅಂಜಿನಪ್ಪನ ಎರಡೂ ಕೈ ಹಿಡಿದು ಏನೋ ಹೇಳಿ, ಚೀಟಿಯನ್ನೂ ಜೋಪಾನವಾಗಿ ಪರ್ಸಿಗೆ ಹಾಕಿಕೊಂಡು ಹೊರಟರು. ಅವರ ಜೊತೆಗಿದ್ದವರು ಕುರ್ಚಿ ಎತ್ತಿಕೊಂಡರು. ಆ ಹೆಂಗಸು ಅದರ ಮೇಲೆ ಕೂತು ಸಹ ನೋಡಿರಲಿಲ್ಲ.

ಅಂಜಿನಪ್ಪನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಫೋನು ಹಚ್ಚಿ, ಶೆಡ್ಡಿಗೆಲ್ಲ ಕೇಳುವಂತೆ, "ಲೇ, ಹೋತು ಕಣೇ! ಕುರ್ಚಿ ಹೋತು! ಗುರ್ತಿಲ್ಲ ಪರಿಚಯಿಲ್ಲ, ತಗಂಡೋಗ್ಬುಟ್ರು!" ಎಂದು ಕೂಗಿದ. ಬಸ್ಸಿನ ಹೆಂಗಸು ಚಪ್ಪಾಳೆ ತಟ್ಟಿದಳು. ಫೋನಿಟ್ಟು, ಕುರ್ಚಿ ಇದ್ದ ಖಾಲಿ ಜಾಗದ ಕಡೆ ನೋಡಿದ.

"ಅಲ್ಲ ಮೇಷ್ಟ್ರೇ, ಆಯಮ್ಮ ಯಾಕೆ ಕಣ್ಣಾಗ್ ನೀರಾಕಿದ್ದು?"

"ಶೀತ ಅಪ್ಪ. ಈ ಚಳಿಗೆ ಎಲ್ಲರಿಗೂ ಹಾಗೇ" ಎಂದೆ.

"ಮಗುಚಿ ನೋಡ್ಲಿಲ್ಲ," ಎಂದ ಮತ್ತೆ. "ಬೆಲೆ ಇಳ್ಸಿ ಅನ್ಲಿಲ್ಲ."

"ಈ ದೇಶದಲ್ಲಿ ಚೌಕಾಸಿ ಮಾಡಲ್ಲ."

ಅದು ನಿಜವೇ. ಆದರೂ ನನ್ನ ಬಾಯಲ್ಲಿ ಅದು ಸುಳ್ಳಾಗಿ ಹೊರಟಿತು.

ವಾಪಸು

ವಿಮಾನದಲ್ಲಿ ಅಂಜಿನಪ್ಪ ಕಿಟಕಿಯ ಕಡೆ, ನಾನು ನಡುವೆ. ಊಟದ ಪೊಟ್ಟಣದ ಮೇಲೆ ಅಚ್ಚು ಹಾಕಿದ್ದ ಇಂಗ್ಲಿಷನ್ನು ಅವನು ಬಹಳ ಹೊತ್ತು ನೋಡುತ್ತಿದ್ದ. ಇದೇನು ಎಂದು ಒಂದು ಪದದ ಮೇಲೆ ಬೆರಳಿಟ್ಟು ಕೇಳಿದ. ಬೆಣ್ಣೆ ಎಂದೆ. ಇದು? ಉಪ್ಪು. ಒಂದೊಂದಕ್ಕೆ ಒಂದೊಂದು ಪದ. ಪೊಟ್ಟಣ ಮಡಿಸಿಟ್ಟ.

"ಮತ್ತೆ ಬೇವು ಅನ್ನಾಕೆ ಮಾತ್ರ ಆರು ಸಾಲು ಬೇಕಾ ಮೇಷ್ಟ್ರೇ?"

ಮೊದಲ ದಿನ ಒಂದು ಪದವಿದ್ದ ಚೀಟಿ ಎರಡನೇ ದಿನ ತುಂಬಿಹೋಗಿದ್ದನ್ನು ಅವನು ನೋಡಿದ್ದ. ಅಕ್ಷರ ಬಾರದಿದ್ದರೇನು, ಸಾಲು ಎಣಿಸಲು ಬರುತ್ತದೆ. ಮೂವತ್ತು ವರ್ಷ ಮಕ್ಕಳು ಹೀಗೆ ನನ್ನ ಮುಂದೆ ತಲೆ ತಗ್ಗಿಸಿ ನಿಂತದ್ದುಂಟು, ಆವತ್ತು ತಗ್ಗಿಸಿದ್ದು ನನ್ನ ತಲೆ. ಅವನು ಕಿಟಕಿಯ ಕಡೆ ತಿರುಗಿ ಕೂತ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಚೀಲ ಇಳಿಸಿಕೊಟ್ಟು, ಪಾವಗಡದ ಬಸ್ಸು ಹತ್ತಿಬಿಟ್ಟ. ಬರ್ತೀನಿ ಎನ್ನಲಿಲ್ಲ.

ಪಾವಗಡ

ಅದಾದ ಮೇಲೆ ಐದು ಭಾನುವಾರ ಅವನು ಸಾಮಿಲ್ಲಿನ ಕಡೆ ಬರಲಿಲ್ಲ. ಹಲಸಿನ ತುಂಡುಗಳೆಲ್ಲ ನನಗೇ ಸಿಕ್ಕವು. ಒಂದನ್ನೂ ಮನೆಗೆ ತರುವ ಮನಸ್ಸಾಗಲಿಲ್ಲ. ಕೊನೆಗೆ ರಾಯಚರ್ಲಿಗೆ ನಾನೇ ಹೋದೆ. ಕಣ್ಣು ಹಾಯುವವರೆಗೂ ಪ್ಲೇಟು, ನಡುವೆ ರಸ್ತೆ. ಲಕ್ಷ್ಮಕ್ಕ ನನ್ನನ್ನು ಕಂಡು ಮುಖವೆಲ್ಲ ಅರಳಿಸಿಕೊಂಡು, "ಬರ್ರಿ ಮೇಷ್ಟ್ರೇ, ದೇಶ ತಿರ್ಗಿ ಕುರ್ಚಿ ಮಾರ್ಸಿಕೊಟ್ರಂತಲ್ಲ" ಎಂದಳು. ಚೀಟಿಯ ವಿಷಯ ಅಂಜಿನಪ್ಪ ಅವಳಿಗೆ ಹೇಳಿರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಅವನು ಹಿಂದಿನ ಚಪ್ಪರದಲ್ಲಿ ಜಾಲಿ ಮರದ ಸ್ಟೂಲು ಉಜ್ಜುತ್ತಿದ್ದ. ತಪ್ಪಾಯಿತು ಅಂಜಿನಪ್ಪ ಎಂದೆ. ನೀನು ಬರಿಗೈಯಲ್ಲಿ ಬರುವುದನ್ನು ನೋಡಲಾರದೆ ಬರೆದೆ ಎಂದೆ.

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತು ಬುಡಿ, ಒಳ್ಳೇದುಕ್ಕೇ ಮಾಡಿದೀರಿ. ಆದ್ರೆ ದುಡ್ಡು ಬಂತು, ಕುರ್ಚಿ ಹೋತು, ಯಾಪಾರ ಮಾತ್ರ ಆಗ್ಲಿಲ್ಲ ಮೇಷ್ಟ್ರೇ. ಆಯಮ್ಮ ನಮ್ಮಪ್ಪನ್ ಮರ ತಗಂಡೋದ್ರು. ನಾನ್ ಮಾಡಿದ್ ಕುರ್ಚಿ ಯಾರೂ ತಗಳ್ಳಿಲ್ಲ." ಮರದ ಪುಡಿ ಊದಿದ. "ಸೋಮವಾರ ಪಾವಗಡುಕ್ಕೆ ಬರ್ರಿ. ನನ್ ಪಕ್ಕ ಕೂತ್ಕಳಿ. ಬಾಯಿ ಮಾತ್ರ ಬುಡ್ಬ್ಯಾಡಿ."

ಸೋಮವಾರ ಹೋದೆ. ಬಸ್ ಸ್ಟ್ಯಾಂಡಿನ ಆಚೆ, ನೆಲದ ಮೇಲೆ ಗೋಣಿಚೀಲ ಹಾಸಿ ಎರಡು ಸ್ಟೂಲು ಇಟ್ಟುಕೊಂಡು ಕೂತಿದ್ದ. ಪರಿಚಯದವರು ಇಬ್ಬರು ಹಾದುಹೋಗುತ್ತಾ "ಏನ್ಲಾ ಅಂಜಿನಪ್ಪ, ಆಚಾರಿ ಆಗ್ಬುಟ್ಟಾ?" ಎಂದು ನಕ್ಕರು. ಹೂಂ ಕಣ್ಲಾ ಎಂದ. ಬಿಸಿಲು ನೆತ್ತಿಗೆ ಬಂತು, ನನ್ನ ಮಂಡಿ ಮತ್ತೆ ಶುರುವಾಯಿತು. ನಾನು ಬಾಯಿ ಬಿಡಲಿಲ್ಲ.

ಎದುರಿಗೆ ಇಟ್ಟಿಗೆಯ ಮೇಲೆ ಕೂತು ಹೂ ಕಟ್ಟುತ್ತಿದ್ದ ಹೆಂಗಸು ಬೆಳಗಿನಿಂದ ಈ ಕಡೆಯೇ ನೋಡುತ್ತಿದ್ದಳು. ಹನ್ನೆರಡರ ಹೊತ್ತಿಗೆ ಎದ್ದು ಬಂದು ಸ್ಟೂಲನ್ನು ಮಗುಚಿದಳು. ಹಗ್ಗವನ್ನು ಉಗುರಿನಿಂದ ಎಳೆದಳು. ನಾಲ್ಕೂ ಗೂಟ ಅಲ್ಲಾಡಿಸಿದಳು. ಆಮೇಲೆ ಧೊಪ್ಪನೆ ಕೂತು ಎಡಕ್ಕೂ ಬಲಕ್ಕೂ ವಾಲಿದಳು.

"ಏಂ ಅಪ್ಪಾ, ಈ ಕಾಲು ಪೊಟ್ಟಿಗೈತೆ. ಚೂಡು, ಕುಂಟ್ತೈತೆ!" ಎಂದಳು ಅರ್ಧ ತೆಲುಗಿನಲ್ಲಿ. ಒಂದು ಕಾಲು ಗಿಡ್ಡವೆಂದು ಅವಳ ತಕರಾರು.

"ನೆಲ ತಗ್ಗೈತೆ ಕಣಮ್ಮ."

"ನೆಲಾನೂ ಇಲ್ಲ, ಏಮೂ ಇಲ್ಲ. ಇಂಥ ಕುಂಟು ಸ್ಟೂಲಿಗೆ ಅಷ್ಟ್ ಹೇಳ್ತೀಯಾ? ಪಾಲಿಷೂ ಇಲ್ಲ!"

ಅರ್ಧ ಗಂಟೆ ಕಿತ್ತಾಡಿದರು. ಅವಳು ಎರಡು ಸಲ ಬೇಡವೆಂದು ಹೋಗಿ ಇಟ್ಟಿಗೆಯ ಮೇಲೆ ಕೂತಳು. ಇವನು ಎರಡು ಸಲ ಹೋದರೆ ಹೋಗು ಎಂದು ಮುಖ ತಿರುಗಿಸಿದ. ನನಗೆ ಬಾಯಿ ತಡೆಯುವುದೇ ಕಷ್ಟವಾಯಿತು. ಮೂರನೇ ಸಲ ಬಂದು, ಬೈದುಕೊಂಡೇ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು, ಸ್ಟೂಲನ್ನು ಕಂಕುಳಲ್ಲಿ ಅವುಚಿಕೊಂಡು ಹೋದಳು. ಇಟ್ಟಿಗೆಯನ್ನು ಕಾಲಿನಿಂದ ಆಚೆ ನೂಕಿ, ಸ್ಟೂಲು ಹಾಕಿಕೊಂಡು ಕೂತು, ಮತ್ತೆ ಹೂ ಕಟ್ಟತೊಡಗಿದಳು. ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ಅಂಜಿನಪ್ಪ ಅವಳು ಕೂತಿದ್ದನ್ನು ನೋಡುತ್ತಲೇ ಇದ್ದ. ಅವನ ಕಣ್ಣು ತುಂಬಿತ್ತು. ಪಾವಗಡದ ಆ ಬಿಸಿಲಿನಲ್ಲಿ ಶೀತ ಎನ್ನುವಂತೆಯೂ ಇರಲಿಲ್ಲ.

"ನೋಡುದ್ರಾ ಮೇಷ್ಟ್ರೇ," ಎಂದ. "ಯಾವ್ ಮರ ಅಂತ ಕೇಳ್ಲೇ ಇಲ್ಲ."